ಅಳಿಯನ ಶರ್ಟಿನ ಹುಳಿ ವಾಸನೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ತಲೆ ತುಂಬ ಕೂದಲು, ಬಣ್ಣ ಅಪ್ಪನದ್ದು, ಮೂಗು ಮಾತ್ರ ನನ್ನದೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಇದನ್ನು ಬರೆಯದೆ ಇರಲಾರೆ.

ಬಾಣಂತನಕ್ಕೆಂದು ಗಲ್ಫಿನ ರೂವಿಯಲ್ಲಿರುವ ಮಗಳ ಮನೆಗೆ ಬಂದು ತಿಂಗಳಾಗಿತ್ತು. ಅಳಿಯ ಹೋಟೆಲುಗಳ ಏಸಿ, ಫ್ರಿಜ್ ರಿಪೇರಿ ಮಾಡುವವರು. ಒಳ್ಳೆಯವರೇ. ಆದರೆ ಹೆರಿಗೆಯ ಹಿಂದಿನ ವಾರವೆಲ್ಲ ಅವರು ಒಗೆಯಲು ಹಾಕುತ್ತಿದ್ದ ಶರ್ಟಿನಲ್ಲಿ ಹುಳಿ ವಾಸನೆ. ಗಂಡ ಇಳಿಸಿದ ಕಳ್ಳನ್ನು ಇಪ್ಪತ್ತು ವರ್ಷ ಜಗಲಿಯಲ್ಲಿ ಕೂತು ಮಾರಿದವಳು ನಾನು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವಳು. ತುಂಬು ಬಸುರಿ ಮಗಳನ್ನು ಕೇಳುವುದು ಹೇಗೆ? ದಿನಾ ಮೂಸಿ ಮೂಸಿ ಒಗೆದು ಹಾಕುತ್ತಿದ್ದೆ.

ತಾಯಿ ಮಗುವನ್ನು ಕರೆತರಲು ಆಸ್ಪತ್ರೆಗೆ ಹೊರಟ ಮಧ್ಯಾಹ್ನ ಅಳಿಯ, “ಅತ್ತೆ, ದಾರಿಯಲ್ಲಿ ಖುರುಮ್‌ನ ಒಂದು ಹೋಟೆಲಿಗೆ ಲಡ್ಡು ಕೊಟ್ಟು ಹೋಗುವ. ನೀವು ಕಾರಲ್ಲೇ ಕೂತ್ಕೊಳ್ಳಿ” ಎಂದರು.

“ಕಾರಲ್ಲಿ ಸೆಕೆ. ನಾನೂ ಬರ್ತೇನೆ.”

ಹೋದದ್ದು ಹೋಟೆಲಿನೊಳಗಿನ ಇಂಗ್ಲಿಷರ ಪಬ್ಬಿಗೆ! ಹಗಲಲ್ಲೂ ಮಬ್ಬು. ಕೌಂಟರಿನವನು ನಮ್ಮ ಕುಂದಾಪುರದ ಕಡೆಯವನಂತೆ. ಅಳಿಯನನ್ನು ಕಂಡದ್ದೇ ತಡ, ಕೇಳದೆಯೇ ಒಂದು ದೊಡ್ಡ ಗ್ಲಾಸು ಕಂದು ಬಿಯರು ತುಂಬಿಸಿ, “ಮಗಳು ಹುಟ್ಟಿದ್ದಕ್ಕೆ!” ಎಂದು ಮುಂದಿಟ್ಟ.

ನಮ್ಮ ಜಗಲಿಯಲ್ಲಿ ಕೇಳದೆ ಸಿಗುತ್ತಿದ್ದುದು ದಿನಾ ಬರುವವರಿಗೆ ಮಾತ್ರ.

“ಬೇಡ ಮಾರಾಯಾ, ಗಾಡಿ ಓಡಿಸ್ಲಿಕ್ಕುಂಟು. ಇವರು ನಮ್ಮ ಅತ್ತೆ” ಎಂದರು ಅಳಿಯ.

ಅತ್ತೆ ಪಕ್ಕದಲ್ಲಿದ್ದರೆ ಯಾರಿಗೂ ಬೇಡವೇ!

“ಇವರು ದಿನಾ ಎಷ್ಟು ಕುಡೀತಾರೆ?” ಕೌಂಟರಿನವನನ್ನು ನೇರ ಕೇಳಿದೆ.

“ಇವರಾ? ಇವರಿಗೆ ಚಾ ಸಾಕಮ್ಮ.”

ನಂಬಲಿಲ್ಲ. “ನಿನ್ನ ಗಂಡ ಇವತ್ತು ಈ ಕಡೆ ಬರ್ಲೇ ಇಲ್ಲ” ಎಂದು ನಾನೇ ಎಷ್ಟು ಹೆಂಗಸರಿಗೆ ಹೇಳಿಲ್ಲ! ನೋಡಿಯೇ ಬಿಡುವ ಎಂದು ಗ್ಲಾಸು ಎತ್ತಿಕೊಂಡೆ. ಊರಿನ ಅಭ್ಯಾಸ, ಹಿರಿಯರಿಗೆಂದು ಮೊದಲು ಮೂರು ಹನಿ ನೆಲಕ್ಕೆ ಬಿಟ್ಟೆ. ಕೆಳಗೆ ಕಾರ್ಪೆಟು. ಅವನು ಬಟ್ಟೆ ಹಿಡಿದು ಓಡಿಬಂದ.

ಒಂದು ಗುಟುಕು ಕುಡಿದೆ. ಸರಿಯಾಗಿ ತಣ್ಣಗಿಲ್ಲ, ನೊರೆಯೂ ಅಷ್ಟಕ್ಕಷ್ಟೇ. ನಾಲಿಗೆಗೆ ಸುಟ್ಟ ಬೆಲ್ಲ, ಗಂಟಲಿಗೆ ಕಿರಾತಕಡ್ಡಿಯ ಕಹಿ ಕಷಾಯ.

“ಇದು ಹಾಳಾಗಿದೆ. ನಿನ್ನೆಯದ್ದು.”

“ಈ ಬಿಟರ್ ಬಿಯರು ಅಂದ್ರೆ ಹೀಗೇ ಅಮ್ಮ! ಐಸಿನ ಹಾಗೆ ತಣ್ಣಗಾದ್ರೆ ಇಂಗ್ಲಿಷಿನವರು ಜಗಳಕ್ಕೆ ಬರ್ತಾರೆ. ಆ ತಂಪು ನೋಡಿಕೊಳ್ಳುವುದೇ ನಿಮ್ಮ ಅಳಿಯ.” ಮತ್ತೆ ಅಳಿಯನ ಕಡೆ ತಿರುಗಿ, “ಹೋಯ್, ಹೇಗೂ ಬಂದಿದ್ದೀರಿ. ಹೋದ ವಾರ ದಿನಾ ನೀವು ರಿಪೇರಿ ಮಾಡಿದ ಆ ಬಿಯರಿನ ಪೈಪು ಪುನಃ ಸೋರ್ತಾ ಉಂಟು” ಎಂದ.

ಅಳಿಯ ಕೌಂಟರಿನಡಿ ಬಗ್ಗಿ ಸ್ಪ್ಯಾನರು ತಿರುಗಿಸಿದರು. ಪುಸಕ್ಕನೆ ಬಿಯರು ಎದೆಗೆ ಹಾರಿತು. ನಾನು ಹತ್ತಿರ ಹೋಗಿ ಶರ್ಟು ಮೂಸಿದೆ. ಅದೇ ವಾಸನೆ.

“ಎಂತ ಅತ್ತೆ?”

“ಎಂತ ಇಲ್ಲ. ಶರ್ಟು ಒದ್ದೆಯಾಯ್ತು” ಎಂದೆ. ಗ್ಲಾಸಿನಲ್ಲಿ ಉಳಿದದ್ದನ್ನು ನಾನೇ ಮುಗಿಸಿದೆ. ಎರಡನೇ ಗುಟುಕಿಗೆ ಅಷ್ಟೇನೂ ಕಹಿಯಿರಲಿಲ್ಲ.

ಸಂಜೆ ಎಲ್ಲರೂ ಚಾಪೆಯ ಮೇಲೆ ಒಟ್ಟಿಗೆ ಊಟಕ್ಕೆ ಕೂತೆವು. ಮಗಳಿಗೆ ಒಳ್ಳೆಮೆಣಸಿನ ಸಾರು, ಅಳಿಯನಿಗೆ ಬಂಗುಡೆ, ನನ್ನ ಮಡಿಲಲ್ಲಿ ಮೊಮ್ಮಗಳು. ಮಗಳು ತುತ್ತು ನಿಲ್ಲಿಸಿ ಮೂಗರಳಿಸಿದಳು.

“ಇವರ ಶರ್ಟಿನ ವಾಸನೆ ಗೊತ್ತುಂಟು, ಆ ಹಾಳು ಪೈಪಿನದ್ದು. ಅಮ್ಮ, ನಿನ್ನ ಬಾಯಿಯದ್ದು ಎಂತದ್ದು?”

ಅಳಿಯನಿಗೆ ನಗು ಬಂದು ತುತ್ತು ನೆತ್ತಿಗೇರಿತು. ದೊಡ್ಡ ಬಂಗುಡೆಯನ್ನು ಅವರ ಬಟ್ಟಲಿಗೆ ಹಾಕಿ, “ಸುಮ್ಮನೆ ಉಣ್ಣಿ, ಇಬ್ಬರೂ” ಎಂದೆ.