ಕಟ್ಟದೆ ಉಳಿಸಿಕೊಂಡ ದಂಡ

ಪೊಲೀಸರಿಂದ ದಂಡದ ಮೆಸೇಜು ಬಂದರೆ ಹೊಟ್ಟೆ ಉರಿಸಿಕೊಳ್ಳದವರು ನಮ್ಮ ಮದ್ದೂರು ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ಬೆಸಗರಹಳ್ಳಿಯ ನಾಗಮಣಿ ಒಬ್ಬಳೇ. ಮೊದಲ ಸಲ ಅದು ಬಂದದ್ದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಊಟಕ್ಕೆ ಬಿಟ್ಟಿದ್ದ ಹೊತ್ತಿನಲ್ಲಿ. ಮೆಸೇಜು ಇಂಗ್ಲಿಷಿನಲ್ಲಿದ್ದದ್ದರಿಂದ ಪಕ್ಕದ ಮಿಷನ್ನಿನ ಮೋಹಿನಿಯ ಕೈಗೆ ಫೋನು ಕೊಟ್ಟಳು.

‘ನಿನ್ ಗಾಡಿ ಮ್ಯಾಲೆ ಕೇಸ್ ಬಿದ್ದದೆ ಕಣಕ್ಕ, ಮಳವಳ್ಳೀಲಿ. ಎಲ್ಮೆಟ್ ಹಾಕಿಲ್ವಂತೆ’ ಎಂದಳು ಮೋಹಿನಿ. ‘ಅಲ್ಲ, ನಿನ್ತಾವ ಗಾಡಿ ಎಲ್ಲದೆ? ನೀನು ದಿನಾ ಬಸ್ಸಲ್ಲಿ ಬತ್ತೀಯ.’

ನಾಗಮಣಿ ಮೆಸೇಜಿನ ಕೆಳಗಿದ್ದ ನೀಲಿ ಅಕ್ಷರವನ್ನು ಒತ್ತಿಸಿದಳು. ಫೋಟೋ ತೆರೆದುಕೊಂಡಿತು. ಒಂದು ರಸ್ತೆ, ಹಿಂದೆ ಬೇಕರಿ, ಮುಂದೆ ಅವಳ ಹೆಸರಿನಲ್ಲಿರುವ ಸ್ಕೂಟರು. ಅದರ ಮೇಲೆ ಅವಳ ತಮ್ಮ ಕೆಂಪರಾಜು. ಕೈಕಾಲು ನೆಟ್ಟಗಿವೆ, ಬದುಕಿದ್ದಾನೆ. ಅವಳ ಡಬ್ಬಿಯಲ್ಲಿದ್ದ ಮುದ್ದೆ ಅವತ್ತು ಹಾಗೇ ಉಳಿಯಿತು.

ತಾಯಿ ತೀರಿಕೊಂಡಾಗ ಕೆಂಪರಾಜು ಇನ್ನೂ ಅಂಬೆಗಾಲಿಡುವ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾಗಮಣಿ. ಮದುವೆಯ ಮಾತು ಬಂದಾಗಲೆಲ್ಲ ‘ಇವನೊಂದು ದಡ ಸೇರ್ಲಿ ತಡೀರಿ’ ಎಂದು ಮುಂದಕ್ಕೆ ಹಾಕಿದಳು. ಕೊನೆಗೆ ಆ ಮಾತು ಆಡುವವರೇ ಇಲ್ಲವಾದರು. ಸ್ಕೂಟರು ಕೊಳ್ಳುವಾಗ ಸಂಬಳದ ಚೀಟಿ ಇದ್ದದ್ದು ಅವಳ ಹತ್ತಿರ, ಆದ್ದರಿಂದ ಕಂತೂ ಅವಳದು, ಆರ್‌ಸಿಯೂ ಅವಳ ಹೆಸರಿಗೆ. ಓಡಿಸುವ ದೊರೆ ಮಾತ್ರ ತಮ್ಮ. ‘ಎಲ್ಮೆಟ್ ಹಾಕ್ಕಳಾ’ ಎಂದರೆ ‘ಕೂದ್ಲು ಉದ್ರೋಯ್ತದೆ ಕಣಕ್ಕ’ ಎನ್ನುತ್ತಿದ್ದ. ಕೂದಲಿನ ಮೇಲೆ ಅವನಿಗೆ ಅಷ್ಟು ಮೋಹ.

ಆ ಕೂದಲಿಗೋ, ಅವನ ಮಾತಿಗೋ, ಮೇಲಿನ ಬೀದಿಯ ಚಂದನ ಒಲಿದಳು. ಕಾಲನಿಯ ಹುಡುಗನನ್ನು ಮೇಲಿನ ಬೀದಿಯ ಹುಡುಗಿ ಕಟ್ಟಿಕೊಂಡರೆ ನಮ್ಮ ಕಡೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೂ ರಿಜಿಸ್ಟರ್ ಮದುವೆಯಾದ ದಿನ ಚಂದನಳ ಅಣ್ಣ ಪುನೀತ್ ‘ಕಡ್ದಾಕ್ಬುಡ್ತೀನಿ’ ಎಂದು ಊರು ಸುತ್ತಿದ. ಅವನು ಕಾಲನಿಗೆ ಬರುವಷ್ಟರಲ್ಲಿ ನಾಗಮಣಿ ತಮ್ಮನ ಕೈಗೆ ಗಾಡಿಯ ಕೀ ಹಾಕಿದ್ದಳು.

‘ತಕ್ಕೊಂಡೋಗು. ಎಲ್ಲಿಗೆ ಅಂತ ನಂಗೂ ಯೋಳಬ್ಯಾಡ, ಫೋನೂ ಮಾಡಬ್ಯಾಡ. ಸುಳ್ಳು ನನ್ ಬಾಯಲ್ಲಿ ನಿಲ್ಲಕಿಲ್ಲ ಅಂತ ನಿಂಗೊತ್ತು. ಗೊತ್ತಿಲ್ಲ ಅನ್ಬೇಕು ಅಂದ್ರೆ ನಂಗೆ ದಿಟವಾಗ್ಲೂ ಗೊತ್ತಿರಬಾರ್ದು’ ಎಂದಿದ್ದಳು.

ಹುಟ್ಟಿದಾಗಿನಿಂದ ಅಕ್ಕನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದವನು ಇದೊಂದನ್ನು ಮಾತ್ರ ಅಕ್ಷರ ತಪ್ಪದೆ ಪಾಲಿಸಿದ. ಕೇಳಬಾರದಾಗಿದ್ದ ಮಾತನ್ನೇ ಕೇಳಿಬಿಟ್ಟನಲ್ಲ ಎಂದು ಅವಳು ಎಷ್ಟೋ ಸಲ ಅವನನ್ನು ಬೈದುಕೊಂಡಳು. ಪುನೀತ್ ಒಮ್ಮೆ ಅವಳ ಫೋನನ್ನೇ ಕಿತ್ತುಕೊಂಡು ಎಲ್ಲವನ್ನೂ ತಡಕಾಡಿದ. ಏನೂ ಸಿಗಲಿಲ್ಲ. ವರ್ಷಗಳು ಕಳೆದ ಮೇಲೆ ಅವನು ಕೂಗಾಡುವುದನ್ನು ಬಿಟ್ಟ. ಬಸ್ಸಿಗೆ ಕಾದು ನಿಂತಾಗ ಬೈಕು ನಿಲ್ಲಿಸಿ, ನಗುತ್ತಲೇ, ‘ಏನ್ ನಾಗಮಣಿ, ತಮ್ಮನ್ ಸುದ್ದಿ ಏನಾರ ಬಂತಾ?’ ಎನ್ನುತ್ತಿದ್ದ. ಅವನ ಬೈಗುಳಕ್ಕಿಂತ ಆ ನಗುವಿಗೇ ಅವಳು ಹೆಚ್ಚು ಹೆದರುತ್ತಿದ್ದಳು.

ಇಂಥದ್ದರಲ್ಲಿ ಬಂದದ್ದು ಆ ಮೆಸೇಜು. ಅವತ್ತೇ ಮೋಹಿನಿಯ ಫೋನಿನಿಂದ ದಂಡ ಕಟ್ಟಿಸಿದಳು. ದಂಡ ಕಟ್ಟಿದ ಸಂತೋಷಕ್ಕೆ ಗೆಳತಿಗೆ ವಡೆ ಕೊಡಿಸಿದವರನ್ನು ನಾನಂತೂ ಬೇರೆ ಕಂಡಿಲ್ಲ. ಮಾರನೆಯ ದಿನ ಇನ್ನೊಮ್ಮೆ ನೋಡೋಣವೆಂದು ತೆರೆದರೆ ಫೋಟೋ ಇಲ್ಲ.

‘ಕಟ್ಟುದ್ ಮ್ಯಾಲೆ ಓಯ್ತದೆ ಕಣಕ್ಕ. ಇನ್ಯಾಕೆ ಮಡಿಕ್ಕಂಡಿರ್ತಾರೆ?’ ಎಂದಳು ಮೋಹಿನಿ.

ನಾಗಮಣಿ ಆಗಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಳು. ಬಹಳ ದಿನಗಳಾದ ಮೇಲೆ ಎರಡನೆಯ ದಂಡ ಬಂದಾಗ ಕಟ್ಟಲೇ ಇಲ್ಲ. ಹೇಗೆ ಕಟ್ಟುತ್ತಾಳೆ? ಈ ಸಲದ ಫೋಟೋದಲ್ಲಿ ತಮ್ಮನ ಹಿಂದೆ ಚಂದನ ಕೂತಿದ್ದಳು. ಮುಂದೆ ಎರಡು ಜುಟ್ಟಿನ ಪುಟ್ಟ ಹುಡುಗಿಯೊಂದು ಹ್ಯಾಂಡಲ್ಲು ಹಿಡಿದು ನಿಂತಿತ್ತು, ಗಾಡಿ ಓಡಿಸುತ್ತಿರುವುದು ತಾನೇ ಎನ್ನುವ ಗತ್ತಿನಲ್ಲಿ. ತನಗೊಬ್ಬ ಸೊಸೆ ಹುಟ್ಟಿದ್ದಾಳೆ, ನಿಲ್ಲುವಷ್ಟು ದೊಡ್ಡವಳೂ ಆಗಿದ್ದಾಳೆ ಎನ್ನುವುದನ್ನು ನಾಗಮಣಿಗೆ ಪೊಲೀಸರೇ ತಿಳಿಸಬೇಕಾಯಿತು.

‘ಫೋಟೋನ ಫೋನಲ್ಲಿ ಉಳಿಸ್ಕೊಡ್ತೀನಿ, ದಂಡ ಕಟ್ಬುಡು’ ಎಂದಳು ಮೋಹಿನಿ.

‘ಬ್ಯಾಡ ಕಣಮ್ಮಿ. ಆ ಪುನೀತ ಇನ್ನೊಂದ್ಸಲ ಕಿತ್ಕಂಡ್ರೆ? ಅಲ್ಲೇ ಇರ್ಲಿ, ಪೊಲೀಸ್ನೋರ್ ತಾವ.’

ಮೆಸೇಜನ್ನು ಅಳಿಸಿಹಾಕಿದಳು. ಗಾಡಿಯ ನಂಬರು ಅವಳಿಗೆ ಬಾಯಿಪಾಠ. ದಿನವೂ ಊಟದ ಹೊತ್ತಿನಲ್ಲಿ ಪೊಲೀಸರ ವೆಬ್‌ಸೈಟಿನಲ್ಲಿ ನಂಬರು ಒತ್ತಿ ದಂಡ ತೆರೆಯುವಳು, ನೋಡುವಳು, ಮುಚ್ಚುವಳು. ಹೊಲಿಯುವವಳ ಕಣ್ಣು ಸುಮ್ಮನಿರುತ್ತದೆಯೇ? ಮಗುವಿನ ನೆತ್ತಿ ಗಾಡಿಯ ಕನ್ನಡಿಗೆ ಎಷ್ಟು ಬರುತ್ತದೆಂದು ನೋಡಿ ಉದ್ದ ಅಳೆದಳು, ಭುಜ ಅಳೆದಳು, ಉಳಿದ ಬಟ್ಟೆಯಲ್ಲಿ ಒಂದು ಫ್ರಾಕು ಹೊಲಿದಳು. ಯಾರಿಗೆ ಎಂದು ಕೇಳಿದವರಿಗೆ ‘ಮಗೀಗೆ’ ಎಂದಳು. ಸುಳ್ಳಲ್ಲವಲ್ಲ.

ಕಟ್ಟದ ದಂಡ ಎಷ್ಟು ದಿನ ಸುಮ್ಮನಿರುತ್ತದೆ? ಮಳವಳ್ಳಿಯ ಕೋರ್ಟಿನಿಂದ ನಾಗಮಣಿಯ ಹೆಸರಿಗೇ ನೋಟಿಸು ಬಂತು. ‘ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂದು ಬೀದಿಯ ಹೆಂಗಸರು ಹೆದರಿಸಿದರು. ನಾಗಮಣಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಳ್ಳೆಯ ಸೀರೆಯುಟ್ಟು, ಫ್ರಾಕನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಗಾಡಿ ಓಡಿಸಿದವನು ತಮ್ಮನಾದ ಮೇಲೆ ಅವನನ್ನೂ ಕರೆಸಿಯೇ ಇರುತ್ತಾರೆ ಎಂದು ಅವಳ ಲೆಕ್ಕ.

ಕೋರ್ಟಿನ ಗೇಟಿನಲ್ಲಿ ಒಳಹೋಗುವ ಒಬ್ಬೊಬ್ಬ ಗಂಡಸಿನ ಮುಖವನ್ನೂ ನೋಡಿದಳು. ಅವನಿರಲಿಲ್ಲ. ಯಾವ ಕೋರ್ಟ್ ಹಾಲಿಗೆ ಹೋಗಬೇಕೆಂದೂ ತಿಳಿಯಲಿಲ್ಲ. ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಸಿದ್ದರಾಮು ಅವಳನ್ನು ಕರೆದ.

‘ಎಸ್ರು ಯೋಳವ್ವ.’ ಅವಳು ಹೇಳಿದಳು. ಅವನು ತನ್ನ ಮೊಬೈಲಿನಲ್ಲಿ ಒತ್ತಿ, ‘ಬಂತು ನೋಡು. ಕೇಸಿನ್ ನಂಬ್ರು, ತಾರೀಕು, ಯಾವ ಕೋರ್ಟ್ ಹಾಲು, ಎಲ್ಲಾ ಅದೆ’ ಎಂದ.

‘ಇದು ನಿಮ್ಮಂತೋರ್ಗೆ ಮಾತ್ರ ಕಾಣ್ತದಾ ಸ್ವಾಮಿ? ಯಾರ್ನೆಲ್ಲ ಕರೆಸವ್ರೆ ಅಂತಾನೂ ಬತ್ತದಾ?’

‘ನಿನ್ನೊಬ್ಬಳ್ದೇ ಅದೆ. ಕಾಣಕ್ಕೇನು, ಎಸ್ರೊಂದು ಗೊತ್ತಿದ್ರೆ ಯಾರ್ ಬೇಕಾದ್ರೂ ಮನೇಲಿ ಕುಂತ್ಕಂಡು ನೋಡ್ಬೌದು. ಯಾವ ಕೋರ್ಟು, ಯಾವತ್ತು ಬತ್ತಾನೆ, ಎಲ್ಲಾ.’

ನಾಗಮಣಿಗೆ ಪುನೀತನ ನಗು ನೆನಪಾಯಿತು. ಚೀಲವನ್ನು ಎದೆಗವಚಿಕೊಂಡು ಒಳಗೆ ಹೋಗಿ ಕೂತಳು.

ಅವಳ ಹೆಸರು ಕೂಗಿದಾಗ, ಕೇಸು ಹಾಕಿದ ಪೊಲೀಸಿನವನು ಫೋಟೋದ ಪ್ರಿಂಟನ್ನು ಅವಳ ಮುಂದೆ ಹಿಡಿದ. ಫೋನಿನಲ್ಲಿ ಉಗುರಿನಷ್ಟು ಕಾಣುತ್ತಿದ್ದ ಮುಖ ಇಲ್ಲಿ ದೊಡ್ಡದಾಗಿತ್ತು. ತಮ್ಮ ಸೊರಗಿದ್ದ, ಮೀಸೆ ಬಿಟ್ಟಿದ್ದ. ಮಗುವಿನ ಮೂಗು ತೀರಿಕೊಂಡ ಅಜ್ಜಿಯದೇ. ಅವರ ಹಿಂದೆಯೇ, ಕೈಗೆಟುಕುವಷ್ಟು ಹತ್ತಿರದಲ್ಲಿ, ಕಬ್ಬಿನ ಲಾರಿಯೊಂದು ಬರುತ್ತಿತ್ತು. ಅದು ಅವಳ ಕಣ್ಣಿಗೆ ಬಿದ್ದದ್ದು ಇವತ್ತೇ.

‘ಇದು ನಿಮ್ಮ ಗಾಡಿನಾ?’ ಎಂದರು ಜಡ್ಜ್ ಮೇಡಂ.

‘ನಂದೇ ಮೇಡಂ.’

‘ಓಡಿಸ್ತಿರೋದು ಯಾರು? ಹೆಸರು ಹೇಳಿ. ಅವರಿಗೇ ನೋಟಿಸ್ ಕಳಿಸಿ ಮುಂದಿನ ತಾರೀಕಿಗೆ ಕರೆಸ್ತೀವಿ. ನಿಮಗೆ ತೊಂದರೆ ಇರಲ್ಲ.’

ತೊಂದರೆ! ಇಷ್ಟು ವರ್ಷ ಅವಳು ದೇವರಲ್ಲಿ ಬೇಡಿಕೊಂಡದ್ದನ್ನು ಆ ಪುಣ್ಯಾತ್ಗಿತ್ತಿ ಕುರ್ಚಿಯಲ್ಲಿ ಕೂತು ಸಲೀಸಾಗಿ ಕೊಡುತ್ತಿದ್ದರು. ಒಂದು ಹೆಸರು ಹೇಳಿದರೆ ಸಾಕು, ಪೊಲೀಸರೇ ಅವನನ್ನು ಹುಡುಕಿ ಕರೆತರುತ್ತಾರೆ. ಇದೇ ಬೆಂಚಿನ ಮೇಲೆ ಅವನ ಪಕ್ಕ ಕೂರಬಹುದು, ತಲೆ ಸವರಬಹುದು. ಮಗುವನ್ನೂ ಕರೆದುಕೊಂಡು ಬಂದರೂ ಬಂದಾನು. ಹೆಸರು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಆಡಿದ ಹೆಸರು ಆ ಹೊಂಗೆಮರದ ಕೆಳಗಿನ ಮೊಬೈಲಿಗೂ ಬರುತ್ತದೆ, ಬೆಸಗರಹಳ್ಳಿಯ ಮೇಲಿನ ಬೀದಿಯಲ್ಲಿ ಕೂತವನ ಮೊಬೈಲಿಗೂ ಬರುತ್ತದೆ. ಯಾವ ಕೋರ್ಟು, ಯಾವತ್ತು ಬರುತ್ತಾನೆ, ಎಲ್ಲಾ.

‘ಗಾಡಿ ನಂದು ಮೇಡಂ. ದಂಡಾನೂ ನಂದೇ’ ಎಂದಳು.

‘ಅದಲ್ಲಮ್ಮ ನಾನು ಕೇಳಿದ್ದು. ಯಾರಿದು?’

‘ಗಾಡಿ ನಂದು ಮೇಡಂ.’ ಅಷ್ಟರಲ್ಲಿ ಅವಳ ಕಣ್ಣು ತುಂಬಿ ಹರಿಯತೊಡಗಿತ್ತು. ಮೇಡಂ ಅವಳನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ, ‘ಓನರ್ ಒಪ್ಕೊಂಡಿದ್ದಾರೆ ಅಂತ ಬರ್ಕೊಳ್ಳಿ’ ಎಂದರು. ಪೊಲೀಸಿನವನು ಪ್ರಿಂಟು ವಾಪಸ್ಸು ಕೇಳಿದಾಗ ಅವಳ ಬೆರಳು ಅದನ್ನು ತಕ್ಷಣ ಬಿಡಲಿಲ್ಲ.

ದಂಡ ಕಟ್ಟಿ ಹೊರಗೆ ಬಂದವಳು, ಗೇಟಿನಲ್ಲಿ ಟೀ ಕುಡಿಯುತ್ತಿದ್ದ ಅದೇ ಪೊಲೀಸಿನವನ ಹತ್ತಿರ ಹೋದಳು.

‘ಅಣ್ಣ, ಆ ಗಾಡಿ ಇನ್ನೊಂದ್ಸಲ ಕಂಡ್ರೆ ಫೋಟೋ ಇಡ್ದು ಸುಮ್ಕಾಗ್ಬ್ಯಾಡಿ. ನಿಲ್ಸಿ ಸರ್ಯಾಗ್ ಬೈರಿ. ಎಲ್ಮೆಟ್ ಹಾಕ್ದೆ ಗಾಡಿ ಮುಟ್ಬ್ಯಾಡ, ಮಗೀಗೂ ಒಂದು ತಕ್ಕೊಡು ಅಂತ ಓನರ್ರು ಯೋಳವ್ಳೆ ಅನ್ನಿ.’

‘ಯಾರಮ್ಮ ಅವ್ನು? ಬಾಡಿಗೆಗೆ ಕೊಟ್ಟಿದ್ದೀಯಾ?’ ಎಂದು ಅವನು ನಕ್ಕ. ‘ಆಯ್ತು ಬುಡು, ಯೋಳ್ತೀನಿ. ದಿನಾ ಅದೇ ರೋಡಲ್ಲೇ ಓಡಾಡ್ತಾನೆ.’

ದಿನಾ ಓಡಾಡ್ತಾನಂತೆ. ಆ ರಸ್ತೆ ಎಲ್ಲಿದೆ ಎಂದು ಕೇಳಿದ್ದರೆ ಅವನು ಕೈ ತೋರಿಸುತ್ತಿದ್ದ. ಅವಳು ಕೇಳಲಿಲ್ಲ. ಫ್ರಾಕು ಚೀಲದಿಂದ ಹೊರಗೆ ಬರದೆಯೇ ಮದ್ದೂರಿನ ಬಸ್ಸು ಹತ್ತಿತು.

ಪೊಲೀಸಿನವನು ಮಾತಿಗೆ ತಪ್ಪಲಿಲ್ಲವೆಂದು ಕಾಣುತ್ತದೆ. ಅದಾದ ಮೇಲೆ ನಾಗಮಣಿಯ ಫೋನಿಗೆ ಗ್ಯಾಸಿನ ಮೆಸೇಜು ಬಂತು, ಸಾಲ ಕೊಡುತ್ತೇವೆ ಎನ್ನುವವರ ಮೆಸೇಜು ಬಂತು, ಪೊಲೀಸರದು ಬರಲಿಲ್ಲ. ಯುಗಾದಿ ಕಳೆಯಿತು, ಗೌರಿ ಹಬ್ಬ ಕಳೆಯಿತು. ಅವಳು ಈಗಲೂ ಊಟದ ಹೊತ್ತಿನಲ್ಲಿ ನಂಬರು ಒತ್ತುತ್ತಾಳೆ. ಈ ಗಾಡಿಯ ಮೇಲೆ ಯಾವ ದಂಡವೂ ಬಾಕಿ ಇಲ್ಲ ಎಂದು ಬರುತ್ತದೆ.

‘ಎಲ್ಮೆಟ್ ಹಾಕ್ತಾವ್ನೆ ಕಣಕ್ಕ ನಿನ್ ತಮ್ಮ, ಅದ್ಕೇ ಬತ್ತಿಲ್ಲ. ನೀನ್ ಯೋಳಿದ್ ಮಾತ ಕೇಳವ್ನೆ, ಸಂತೋಸ ಪಡು’ ಎಂದಳು ಮೋಹಿನಿ.

ನಾಗಮಣಿ ಸಂತೋಷಪಟ್ಟಳು. ಒಂದೇ ಒಂದು ದಿನ ಹೆಲ್ಮೆಟ್ಟು ಮರೆತು ಹೋಗಬಾರದೇ ಎಂದು ಬಾಯಿಗೆ ಬಂದದ್ದನ್ನು ತುತ್ತಿನ ಜೊತೆ ನುಂಗಿ, ಕೆನ್ನೆಗೆ ತಾನೇ ಬಡಿದುಕೊಂಡು, ‘ಹಾಕ್ಕಳಪ್ಪ, ದಿನಾ ಹಾಕ್ಕಳಪ್ಪ’ ಎಂದಳು.