ಗುಬ್ಬಿಯಲ್ಲೊಂದು ಸಮುದ್ರ

ವಿಜ್ಞಾನ ವಸ್ತುಪ್ರದರ್ಶನದ ತೀರ್ಪುಗಾರರೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಬ್ಬಿಯ ಒಂದು ಶಾಲೆಗೆ ತುಮಕೂರಿನಿಂದ ಹೋಗಿದ್ದ ಇಬ್ಬರನ್ನಂತೂ ಇವತ್ತಿಗೂ ಕ್ಷಮಿಸಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು. ಇನ್ನೊಬ್ಬ ನಾನೇ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವವನು.

ಶಾಲು, ಪೇಟ, ಹಣ್ಣಿನ ಬುಟ್ಟಿ, ಭಾಷಣ ಮುಗಿಯುವಷ್ಟರಲ್ಲಿ ಒಬ್ಬಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಾಗಾಗಿ ಮೇಜಿಗೆ ಎರಡೇ ನಿಮಿಷ ಎಂದುಕೊಂಡೆವು. ಗೆದ್ದ ಒಂದೇ ಒಂದು ಮಾದರಿ ಜಿಲ್ಲಾ ಮಟ್ಟಕ್ಕೆ ಹೋಗುವುದಿತ್ತು.

ಮೂಲೆಯ ಮೇಜಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎತ್ತರದ ಗಾಜಿನ ಜಾಡಿಯಲ್ಲಿ ಉಪ್ಪುನೀರು ತುಂಬಿಟ್ಟಿದ್ದಳು. ಅದರ ಮೇಲೆ ನುಗ್ಗೆಸೊಪ್ಪಿನ ಪುಡಿ ಉದುರಿಸಿದಳು.

"ಇದು ಸಮುದ್ರ ಸರ್. ಈ ಪುಡಿ ಅಂದ್ರೆ ಅಲ್ಲಿರೋ, ಕಣ್ಣಿಗೆ ಕಾಣ್ದಷ್ಟು ಸಣ್ಣ ಸಸ್ಯಗಳು. ಅವು ಗಾಳಿಯಿಂದ ನೀರಿಗೆ ಸೇರಿದ ಇಂಗಾಲ ತಗೊಂಡು ಬೆಳೀತವೆ. ಸತ್ತಮೇಲೆ ಒಂದಕ್ಕೊಂದು ಅಂಟ್ಕೊಂಡು ಮುಳುಗ್ತವೆ. ಜಾಸ್ತಿ ಪಾಲು ದಾರೀಲೇ ಬೇರೆ ಜೀವಿಗಳ ಹೊಟ್ಟೆ ಸೇರುತ್ತೆ. ಉಳಿದ ಚೂರು ಆಳಕ್ಕೋದ್ರೆ, ಆ ಇಂಗಾಲ ನೂರಾರು ವರ್ಷ ಮೇಲಕ್ಕೆ ಬರಲ್ಲ."

"ತುಮಕೂರು ಜಿಲ್ಲೆಗೂ ಸಮುದ್ರಕ್ಕೂ ಏನಮ್ಮ ಸಂಬಂಧ?" ಮೇಷ್ಟ್ರು ನಕ್ಕರು.

"ನಿಮ್ಮ ತುಮಕೂರಿನ ಶಿರಾ ಗೇಟಲ್ಲಿ ಲಾರಿ ಬಿಡೋ ಹೊಗೆ ಶಿರಾ ಗೇಟಲ್ಲೇ ಇರುತ್ತಾ ಸರ್?"

ಮೇಷ್ಟ್ರು "ಅಧಿಕಪ್ರಸಂಗಿ" ಎಂದು ಗೊಣಗಿದರು. ಪುಡಿ ಇನ್ನೂ ತೇಲುತ್ತಲೇ ಇತ್ತು.

"ಏನಮ್ಮ, ಮುಳುಗ್ತಾನೇ ಇಲ್ವಲ್ಲ?" ಎಂದೆ.

"ನೆನೀಬೇಕು ಸರ್. ಸ್ವಲ್ಪೊತ್ತು ನಿಂತ್ಕೊಳಿ."

ನಿಂತೆವಾ? ಪಕ್ಕದ ಮೇಜಿನಲ್ಲಿ ಅಡುಗೆ ಸೋಡಾದ ಜ್ವಾಲಾಮುಖಿ ಬುಸ್ಸೆಂದು ಉಕ್ಕುತ್ತಿತ್ತು. ಷರಾ ಕಾಲಮ್ಮಿನಲ್ಲಿ "ಕೆಲಸ ಮಾಡುತ್ತಿಲ್ಲ" ಎಂದು ಗೀಚಿ ಅಲ್ಲಿಗೆ ಓಡಿದೆ. ಸಮುದ್ರದ ಆ ಸಸ್ಯಗಳು ಆಳ ಸೇರಲು ವಾರಗಟ್ಟಲೆ ಬೇಕೆಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವ ಮಹಾ ಪಂಡಿತ ನಾನು!

ಬಹುಮಾನ ಜ್ವಾಲಾಮುಖಿಗೆ ಹೋಯಿತು. ಆ ಸೋಡಾ ಬುರುಗನ್ನು ನಾನು ಎಷ್ಟು ಶಾಲೆಗಳಲ್ಲಿ ಗೆಲ್ಲಿಸಿದ್ದೇನೋ ಲೆಕ್ಕವಿಲ್ಲ. ಒಬ್ಬಟ್ಟಿಗೆ ಮಾತ್ರ ಮುಕ್ಕಾಲು ಗಂಟೆ ಕೊಟ್ಟೆವು, ಎರಡೆರಡು ಸಲ ತುಪ್ಪ ಹಾಕಿಸಿಕೊಂಡು.

ಮರೆತ ಚೀಲಕ್ಕಾಗಿ ಪ್ರದರ್ಶನದ ಕೋಣೆಗೆ ವಾಪಸು ಹೋದಾಗ ಹುಡುಗಿ ಒಬ್ಬಳೇ ಇದ್ದಳು. ಜಾಡಿಯ ತಳದಲ್ಲಿ ಬೆರಳಗಲ ಹಸಿರು ಕೂತಿತ್ತು. ಮೇಲಿನ ನೀರು ತಿಳಿಯಾಗಿತ್ತು. ಜೇಬಿನಿಂದ ಪೆನ್ನು ತೆಗೆದೆ.

"ಷರಾ ತಿದ್ದಿಕೊಡ್ತೀನಮ್ಮ" ಎಂದೆ.

"ಬೇಡ ಬುಡಿ ಸರ್, ರಿಸಲ್ಟ್ ಹೇಳಾಯ್ತಲ್ಲ." ಅವಳು ಜಾಡಿಯನ್ನು ಎತ್ತಿ ಹೊರಗಿನ ಮೋರಿಗೆ ಬಗ್ಗಿಸಿದಳು. "ಅದು ಕೆಲಸ ಮಾಡ್ತಾನೇ ಇತ್ತು. ಮಾಡ್ದಿದ್ದೋರು ನೀವು."