ನಾನು ಎಬ್ಬಿಸಿ ಕಳಿಸಿದ ನಾಲ್ವರು

ಕಳೆದ ಶನಿವಾರ ಸಂಜೆ ನಮ್ಮ ನಡುಮನೆಯಲ್ಲಿ ಬೀದಿಯ ಅರ್ಧ ಜನ ನಗು ತಡೆದುಕೊಂಡು ಕೂತಿದ್ದರು. ಸಾವಿನ ಮನೆಯೇನಲ್ಲ. ಟಿ.ವಿ.ಯಲ್ಲಿ ಹಾಸ್ಯ ಕಾರ್ಯಕ್ರಮ ಬರುತ್ತಿತ್ತು.

ಹಾಗಾದರೆ ಯಾಕೆ ನಗಲಿಲ್ಲ ಅಂತೀರಾ? ಆ ಕಾರ್ಯಕ್ರಮದ ಹಳೆಯ ನಾಲ್ವರು ಕಲಾವಿದರು ಅಲ್ಲೇ, ನಮ್ಮ ಜಮಖಾನದ ಮೇಲೆ ಕೂತಿದ್ದರು. ತೆರೆಯ ಮೇಲಿದ್ದವರು ಅವರ ಜಾಗಕ್ಕೆ ಬಂದ ಹೊಸಬರು. ಹಳಬರು ಜಾಗ ಬಿಟ್ಟಿದ್ದು ಯಾರ ಸಲಹೆಯಿಂದ? ಈ ಅಂಕಣಕಾರನ ಸಲಹೆಯಿಂದ. (ಹೌದು, ವಾರವಾರ ನಿಮಗೂ ಪುಕ್ಕಟೆ ಬುದ್ಧಿ ಹೇಳುವ ಇದೇ ಮಹಾಶಯ.)

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಂದು ಹವ್ಯಾಸಿ ನಾಟಕ ತಂಡವಿದೆ. ಶೇಷಾದ್ರಿ ಅದರ ಯಜಮಾನರು, ಗಿರಿಜಮ್ಮ ಅದರ ಜೀವ. ಜೊತೆಗೆ ಇನ್ನಿಬ್ಬರು. ಬೆಂಗಳೂರಿಗೆ ಟಿ.ವಿ. ಬಂದ ಹೊಸತರಲ್ಲೇ ಇವರಿಗೆ ವಾರಕ್ಕೊಂದು ಕಾರ್ಯಕ್ರಮ ಸಿಕ್ಕಿತು. ಎಲ್ಲ ಪುಟ್ಟ ಪುಟ್ಟ ಪ್ರಹಸನಗಳು. ರೇಷನ್ ಕ್ಯೂ, ಹೆಣ್ಣು ನೋಡುವ ಶಾಸ್ತ್ರ, ನಲ್ಲಿ ಬಂದ್ ಮಾಡುವ ಮನೆ ಓನರ್ರು.

ಗಿರಿಜಮ್ಮ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್. ಟಿ.ವಿ.ಯಲ್ಲಿ ಅತ್ತೆ. ಎಂಥ ಅತ್ತೆ ಅಂದರೆ, ಕಂಡಕ್ಟರ್ ಸ್ಟಾಪ್ ಇಲ್ಲದ ಕಡೆ ಬಸ್ಸು ನಿಲ್ಲಿಸಿ, "ಬೇಗ ಹತ್ತಿ ಅತ್ತೆ, ಸೊಸೆ ಹಾಲು ಉಕ್ಕಿಸ್ತಿರ್ತಾಳೆ" ಅನ್ನುತ್ತಿದ್ದ. "ಇಷ್ಟು ವರ್ಷ ಟೈಪ್ ಮಾಡಿದೀನಿ, ಒಬ್ರಾದ್ರೂ ಮುಖ ಎತ್ತಿ ನೋಡಿದ್ರಾ?" ಅಂತ ಅವರು ನನ್ನ ಹೆಂಡತಿಯ ಹತ್ತಿರ ಹೇಳಿದ್ದುಂಟು.

ಒಂದೇ ಕೊರತೆ. ಕಲಾವಿದರ ಹೆಸರು ಕಾರ್ಯಕ್ರಮದ ಕೊನೆಗೆ ಬರುತ್ತಿತ್ತು. ಪ್ರಹಸನ ಎಳೆದು ಹೊತ್ತು ಮೀರಿರುತ್ತಿತ್ತು. 'ಶೇಷಾ' ಅಂತ ಕಾಣುವಷ್ಟರಲ್ಲಿ ವಾರ್ತೆ ಓದುವವರು ನಮಸ್ಕಾರ ಅನ್ನುತ್ತಿದ್ದರು. ಹೆಸರನ್ನು ಮೊದಲೇ ಹಾಕಿ ಅಂದರೆ ಪ್ರೊಡ್ಯೂಸರ್ "ನೋಡೋಣ" ಅನ್ನುತ್ತಿದ್ದರು. ತಿಂಗಳುಗಟ್ಟಲೆ ನೋಡಿದರು.

ಕೊನೆಗೆ ನಾಲ್ವರೂ ನನ್ನ ಹತ್ತಿರ ಬಂದರು. ನಾನು ತಳ್ಳುಗಾಡಿಯಲ್ಲಿ ಪಾತ್ರೆ ಮಾರಿ, ನಗರ್ತಪೇಟೆಯಲ್ಲಿ ಸ್ವಂತ ಸ್ಟೀಲ್ ಅಂಗಡಿ ಮಾಡಿಕೊಂಡವನು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ಪ್ರತೀತಿ. (ಪ್ರತೀತಿ ಹಬ್ಬಿಸಿದವನೂ ನಾನೇ.)

"ಶೇಷಾದ್ರಿಗಳೇ, ಸೀರೆ ಅಂಗಡೀಲಿ ರೇಟು ಕುದುರದಿದ್ರೆ ಹೆಂಗಸರು ಏನು ಮಾಡ್ತಾರೆ?"

"ಇನ್ನೂ ಹತ್ತು ಸೀರೆ ಬಿಚ್ಚಿಸ್ತಾರೆ."

"ಆಮೇಲೆ?"

"ಎದ್ದು ಹೊರಟೇಬಿಡ್ತಾರೆ. ಅಂಗಡಿಯವನು ಕೂಗ್ತಾನೆ, ಬನ್ನಿ ಅಮ್ಮ, ಬೋಣಿ ಟೈಮು, ಕೊಟ್ಬಿಡ್ತೀನಿ ಅಂತ."

"ಅಷ್ಟೇ ವಿದ್ಯೆ. ನಾಲ್ಕೂ ಜನ ಒಟ್ಟಿಗೆ ಎದ್ದು ಬನ್ನಿ. ತಿರುಗಿ ಮಾತ್ರ ನೋಡ್ಬೇಡಿ. ನೋಡಿದ್ರೆ ರೇಟು ಬಿತ್ತು."

ಗಿರಿಜಮ್ಮ ಮಾತ್ರ ಕೇಳಿದರು: "ಕೂಗದೇ ಇದ್ರೆ?"

"ಕೂಗ್ತಾರಮ್ಮ. ನಾನಿದೀನಲ್ಲ."

ನಾಲ್ವರೂ ಎದ್ದು ಬಂದರು. ತಿರುಗಿ ನೋಡಲಿಲ್ಲ. ಯಾರೂ ಕೂಗಲೂ ಇಲ್ಲ. ಆ ವಾರ ಹಾಸ್ಯದ ಹೊತ್ತಿನಲ್ಲಿ ಭತ್ತದ ಬೆಂಕಿರೋಗದ ಬಗ್ಗೆ ಭಾಷಣ ಬಂತು. ಮುಂದಿನ ವಾರ ವೀಣೆ. "ನೋಡಿದ್ರಾ, ಅವರ ಹತ್ತಿರ ಸ್ಟಾಕೇ ಇಲ್ಲ" ಅಂತ ನಾನು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಅದರ ಮುಂದಿನ ವಾರ ವೈಯಾಲಿಕಾವಲ್ಲಿನ ಕಾಲೇಜು ಹುಡುಗರ ತಂಡ ಬಂತು. ಅದೇ ಕಾರ್ಯಕ್ರಮ, ಅದೇ ಸಂಗೀತ. ಹೆಸರುಗಳೋ? ಮೊದಲೇ ಬಂದವು. ದಪ್ಪ ಅಕ್ಷರದಲ್ಲಿ.

ಎದ್ದು ಹೋಗುವ ಗಿರಾಕಿಯನ್ನು ಅಂಗಡಿಯವನಾದ ನಾನು ಯಾವಾಗ ಕೂಗುತ್ತೇನೆ? ಅಂಗಡಿ ಖಾಲಿ ಇದ್ದಾಗ. ಹಿಂದೆ ಇನ್ನೊಬ್ಬರು ನಿಂತಿದ್ದರೆ ಕತ್ತೂ ಎತ್ತುವುದಿಲ್ಲ. ಊರಿನ ನಾಟಕ ತಂಡಗಳೆಲ್ಲ ಟಿ.ವಿ. ಆಫೀಸಿನ ಮುಂದೆ ಸಾಲು ನಿಂತಿದ್ದಾವೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. "ಅಂಗಡಿಯವನಾಗಿ ಯೋಚಿಸೋ ಕಡೆ ಗಿರಾಕಿಯಾಗಿ ಯೋಚಿಸಿಬಿಟ್ಟೆ" ಅಂದೆ. "ಗಿರಾಕಿಯಾಗಿ ಅಲ್ಲ, ಅಂಕಣಕಾರರಾಗಿ" ಅಂದಳು ಹೆಂಡತಿ.

ಪಾಪ ಅನ್ನಿಸಿ ಅವಳೇ ಕಳೆದ ಶನಿವಾರ ನಾಲ್ವರನ್ನೂ ಕಾಫಿಗೆ ಕರೆದಿದ್ದಳು. ಟಿ.ವಿ. ಆರಿಸಲು ಹೋದರೆ ಗಿರಿಜಮ್ಮ, "ಇರ್ಲಿ ಬಿಡಿ, ನೋಡೋಣ" ಅಂದರು.

ಹೊಸ ಹುಡುಗಿ ಅತ್ತೆಯಾಗಿದ್ದಳು. ಸೊಸೆಗೆ ಸಿಗದಂತೆ ಸಕ್ಕರೆ ಡಬ್ಬ ಬಚ್ಚಿಟ್ಟು, ಎಲ್ಲಿಟ್ಟೆ ಅಂತ ತಾನೇ ಮರೆತು, ಮಾನ ಉಳಿಸಿಕೊಳ್ಳಲು ಸಪ್ಪೆ ಕಾಫಿಯನ್ನೇ ಬಾಯಿ ಚಪ್ಪರಿಸಿ ಕುಡಿಯುತ್ತಾಳೆ. ಎದುರು ಮನೆಯ ಮೇಷ್ಟ್ರು ನಗು ಮುಚ್ಚಲು ಕೆಮ್ಮಿದರು. ನನ್ನ ಹೆಂಡತಿ ಬಾಯಿಗೆ ಸೆರಗಿಟ್ಟಳು. ಶೇಷಾದ್ರಿ ಫ್ಯಾನು ನೋಡುತ್ತಿದ್ದರು.

ಮೊದಲು ನಕ್ಕವರು ಗಿರಿಜಮ್ಮ. ಅವರು ನಕ್ಕ ಮೇಲೆ ಇಡೀ ಮನೆ ನಕ್ಕಿತು. ಅವರು ಕಣ್ಣೊರೆಸಿಕೊಂಡರು. ನಗು ಜಾಸ್ತಿಯಾಗಿ ಅಂತ ನಾನು ಅಂದುಕೊಂಡೆ.

"ಹುಡುಗಿ ಚೆನ್ನಾಗಿ ಮಾಡ್ತಾಳೆ. ಆದ್ರೆ ಲೋಟ ಹಿಡಿಯೋದು ಮಾತ್ರ ಸೊಸೆ ಥರ" ಅಂದರು ಗಿರಿಜಮ್ಮ.

"ಬಸ್ಸಲ್ಲಿ ಆ ಕಂಡಕ್ಟರ್ ಈಗಲೂ ಮಾತಾಡಿಸ್ತಾನಾ?" ಅಂದಳು ನನ್ನ ಹೆಂಡತಿ.

"ಮಾತಾಡಿಸ್ತಾನೆ. ಚಿಲ್ಲರೆ ಕೊಡಿ ಅಂತ."

ನಾನು ಗಂಟಲು ಸರಿಮಾಡಿಕೊಂಡು, "ಇದಕ್ಕೆ ನನ್ನ ಹತ್ತಿರ ಇನ್ನೊಂದು ಉಪಾಯ ಇದೆ" ಅಂದೆ. ನಾಲ್ವರೂ ಒಟ್ಟಿಗೆ ಎದ್ದು ಹೋದರು. (ಈ ಸಲ ನಾನು ಹೇಳಿರಲಿಲ್ಲ.)

ಸೋಮವಾರ ಆಫೀಸು ಮುಗಿಸಿ ಗಿರಿಜಮ್ಮ ಒಬ್ಬರೇ ಪ್ರೊಡ್ಯೂಸರ್ ಹತ್ತಿರ ಹೋದರಂತೆ. "ಯಾವ ಪಾರ್ಟಾದ್ರೂ ಸರಿ, ಕೊಡಿ" ಅಂದರಂತೆ. ಸಿಕ್ಕಿದೆ. ಕರಿಬೇವು ಕೇಳಲು ಬರುವ ಪಕ್ಕದ ಮನೆಯಾಕೆ, ಎರಡೇ ಮಾತು. ಶೇಷಾದ್ರಿ ಈಗ ಅವರ ಜೊತೆ ಮಾತು ಬಿಟ್ಟಿದ್ದಾರೆ. ನನಗೆ ಇದೆಲ್ಲ ತಿಳಿದಿದ್ದು ಹೆಂಡತಿಯಿಂದ.

"ಹಾಗೆ ತಾವಾಗೇ ಹೋಗಿ ನಿಂತ್ರೆ ಬೆಲೆ ಎಲ್ಲಿ ಉಳೀತು?" ಅಂದೆ.

"ಅವರಿಗೆ ಬೇಕಾಗಿದ್ದು ಪಾರ್ಟು. ಬೆಲೆ ಬೇಕಾಗಿದ್ದು ನಿಮಗೆ."

ಎದ್ದು ಹೋಗುವುದನ್ನು ಕಲಿಸಲು ನನ್ನಂಥವರು ಬೀದಿಗೊಬ್ಬರಿದ್ದೇವೆ. ಮತ್ತೆ ಒಳಗೆ ಹೋಗುವುದನ್ನು ಕಲಿಸುವವರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದಾರಾ?